ಜಡಿಮಳೆಗೆ ಮೊದಲು ನಾಣ್ಯದ ಡಬ್ಬ

ಕೊಡಗಿನಲ್ಲಿ ನಾಣ್ಯ ಕೂಡಿಡುವವರಿಗೆ ವರ್ಷ ಶುರುವಾಗುವುದು ಮೇ ಕೊನೆಯ ವಾರದಲ್ಲಿ. ಮಳೆ ಹಿಡಿದುಕೊಂಡಿತೆಂದರೆ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಅದೇ ಬೀರುವಿನ ಬೆಳ್ಳಿ ರೂಪಾಯಿ ಮಾತ್ರ ಬೆಳ್ಳಗಿರಲಿ ಎಂದರೆ ಆಗುವ ಮಾತಲ್ಲ.

ಬೆಳ್ಳಿಯನ್ನು ಕಪ್ಪಾಗಿಸುವುದು ಬರೀ ತೇವವಲ್ಲ, ಗಂಧಕ. ತೇವ ಅದರ ಕೆಲಸವನ್ನು ಬೇಗ ಮಾಡಿಸುತ್ತದೆ, ಅಷ್ಟೆ. ಗಂಧಕ ಬರುವುದು ರಬ್ಬರ್ ಬ್ಯಾಂಡಿನಿಂದ, ಉಣ್ಣೆ ಬಟ್ಟೆಯಿಂದ, ಹಳೇ ಪತ್ರಿಕೆಯಿಂದ, ಅಗ್ಗದ ರಟ್ಟಿನಿಂದ. ಕೋವಿ ಬೀರುವಿನಲ್ಲಿ ಕರಿಮದ್ದಿನ ಡಬ್ಬಿ ಇದ್ದರೆ ಅದರಿಂದಲೂ ಬರುತ್ತದೆ. ಕೋವಿ ಇಟ್ಟ ಕಡೆ ನಾಣ್ಯ ಇಡಬೇಡಿ ಎನ್ನುವುದು ಇದಕ್ಕೇ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆ ಕೂರುತ್ತದೆ. ತೋಟಕ್ಕೆ ಹೊಡೆಯುವ ಮೈಲುತುತ್ತ, ಗೊಬ್ಬರ ಇಡುವ ಉಗ್ರಾಣವೂ ಬೇಡ.

ನಾನು ಬಳಸುವುದು ಸಿಲಿಕೋನ್ ಪಟ್ಟಿಯ, ನಾಲ್ಕು ಕಡೆ ಕೊಂಡಿ ಬೀಳುವ 5 ಲೀಟರಿನ ಪ್ಲಾಸ್ಟಿಕ್ ಡಬ್ಬ. ಕಪ್ಪು ರಬ್ಬರಿನ ಪಟ್ಟಿ ಇರುವ ಸ್ಟೀಲ್ ಡಬ್ಬ ನೋಡಲು ಗಟ್ಟಿ, ಆದರೆ ಆ ರಬ್ಬರಿನಲ್ಲೇ ಗಂಧಕ ಇರುತ್ತದೆ. ಒಳಗೆ ಬಟ್ಟೆಯ ಚೀಲದಲ್ಲಿ 50 ಗ್ರಾಂ ಸಿಲಿಕಾ ಜೆಲ್, ಪಕ್ಕದಲ್ಲಿ ಬೆರಳುದ್ದದ ತೇವಮಾಪಕ. ನೂರಕ್ಕೆ 40ರ ಆಸುಪಾಸು ತೋರಿಸಿದರೆ ಸಾಕು. ಜೆಲ್‌ನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದು ತುಂಬಿದೆ ಎಂದರ್ಥ. ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ನೀಲಿಯಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಮಾಡುವ ಓವನ್ ಬೇಡ. ಬ್ಯಾಂಕ್ ಲಾಕರಿನಲ್ಲಿ ಇಡುವುದಾದರೂ ಡಬ್ಬ ಸಮೇತವೇ ಇಡಬೇಕು. ಲಾಕರ್ ಕಳ್ಳರನ್ನು ತಡೆಯುತ್ತದೆ, ಜುಲೈ ತಿಂಗಳನ್ನಲ್ಲ.

ಒಂದೊಂದು ನಾಣ್ಯಕ್ಕೂ ಪ್ರತ್ಯೇಕ ಗೂಡು ಬೇಕು. ಪೇಟೆಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಆಲ್ಬಂ ಎಲ್ಲಕ್ಕಿಂತ ಕೆಟ್ಟದ್ದು. ಎರಡು ಮೂರು ವರ್ಷದಲ್ಲಿ ಪ್ಲಾಸ್ಟಿಕ್ ಬೆವತು ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ, ಒಳಗಿನ ತಾಮ್ರವನ್ನು ತಿನ್ನುತ್ತದೆ. ಹೊಸ ಕಾರಿನ ಸೀಟಿನ ವಾಸನೆ ಬಂದರೆ ಅದು ಪಿವಿಸಿ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕ ಪರವಾಗಿಲ್ಲ, ಆದರೆ ಅದಕ್ಕೆ ಹೊಡೆಯುವ ಸ್ಟೇಪಲ್ ಪಿನ್ ನಮ್ಮಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ; ಅಂಟಿಸುವ ಬಗೆಯದನ್ನೇ ಕೊಳ್ಳಿ. ಬೆಲೆಯುಳ್ಳದ್ದಕ್ಕೆ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್: ಬೆಳ್ಳಿ ರೂಪಾಯಿಗೆ 31 ಮಿಮೀ, ಇಂಗ್ಲೆಂಡಿನ ಚಿನ್ನದ ನಾಣ್ಯವಾದ ಪವನಿಗೆ 22 ಮಿಮೀ.

ಹೊಸಬರಿಗೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯೇ ಒಳ್ಳೆಯ ಪಾಠಶಾಲೆ. 1835ರಿಂದ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕಲ್. ತೂಕ ಒಂದೇ ಇರುವುದರಿಂದ 1938ರದ್ದನ್ನೂ 1941ರದ್ದನ್ನೂ ತಕ್ಕಡಿಯಿಂದ ಬೇರೆ ಮಾಡಲಾಗದು, ನೀರಿನಿಂದ ಮಾಡಬಹುದು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರಾ ಮುಳುಗಿಸಿ ಹಿಡಿಯಿರಿ. ಹಳೇ ಬೆಳ್ಳಿಯಾದರೆ ತಕ್ಕಡಿ 1.13 ಗ್ರಾಂ ತೋರಿಸುತ್ತದೆ, ಅರ್ಧ ಬೆಳ್ಳಿಯಾದರೆ 1.22ರ ಹತ್ತಿರ, ಬೆಳ್ಳಿ ನೀರು ಕುಡಿಸಿದ ಹಿತ್ತಾಳೆಯಾದರೆ 1.35ರ ಮೇಲೆ. ಇಂಗ್ಲೆಂಡಿನ ಪವನು 7.98 ಗ್ರಾಂ ತೂಗಿ 0.45ರ ಸುತ್ತ ತೋರಿಸಬೇಕು. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಒಂದು ಹನಿ ಸಾಬೂನು ನೀರು ಹಾಕಿ. ಅಂಗಡಿಯವರು ಒರೆಗಲ್ಲಿಗೆ ಉಜ್ಜುತ್ತೇನೆ ಎಂದರೆ ನಾಣ್ಯವನ್ನು ಕೈಗೇ ಕೊಡಬೇಡಿ.

ಕಂಠೀರವ ಹಣ, ವೀರರಾಯನ ಹಣ ಎಂಬ ಹಳೇ ಪುಟ್ಟ ಚಿನ್ನದ ನಾಣ್ಯಗಳಿಗೆ ಈ ಪರೀಕ್ಷೆ ನಡೆಯದು. ಅವು 0.35 ಗ್ರಾಂ ಆಸುಪಾಸು. ನೀರಿನಲ್ಲಿ ಬರುವ 0.02, 0.03ರ ಅಂಕಿಯನ್ನು ಆ ತಕ್ಕಡಿಯಲ್ಲಿ ನಂಬುವಂತಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡುವುದೇ ದಾರಿ. ಅಚ್ಚಿನ ಏಟಿಗೆ ಎದ್ದ ಗೆರೆ ಚೂಪಾಗಿರುತ್ತದೆ. ಎರಕದ್ದಾದರೆ ಗೆರೆಯ ಬುಡ ಕರಗಿದಂತಿದ್ದು, ಮೈಮೇಲೆ ಸೂಜಿಮೊನೆಯಷ್ಟು ತೂತು, ಅಂಚಿನಲ್ಲಿ ಸುತ್ತು ಗೆರೆ ಕಾಣುತ್ತದೆ. ಹಣ ಮುಟ್ಟುವಾಗ ಹರಿವಾಣದಲ್ಲಿ ಟವೆಲ್ ಹಾಸಿಕೊಳ್ಳಿ, ಫ್ಯಾನ್ ಆರಿಸಿ. ಜೋರಾಗಿ ಸೀನಿದರೂ ಹಾರುವ ವಸ್ತು ಅದು. ಮರದ ನೆಲದ ಸಂದಿಗೆ ಬಿದ್ದರೆ ಹಲಗೆ ಕೀಳಬೇಕು. ಮಡಿಚಿ ಹೋಗಿದ್ದರೆ ಹಾಗೇ ಇರಲಿ, ನೇರ ಮಾಡಲು ಹೋದರೆ ಸೀಳುತ್ತದೆ.

ಕೊಡವರ ಪದಕದ ಒಡವೆಯಾದ ಪತ್ತಾಕ್‌ಗೆ ಕೂರಿಸಿದ ಪವನನ್ನು ಬಿಡಿಸಿ ಸಂಗ್ರಹಕ್ಕೆ ಸೇರಿಸುವ ಆಸೆ ಕೆಲವರಿಗೆ ಬರುತ್ತದೆ. ಬೇಡ. ಬೆಸುಗೆಯ ಬಿಸಿ ತಾಗಿದ ಅಂಚು ಮತ್ತೆ ಮೊದಲಿನಂತಾಗದು. ನಾಣ್ಯ ಬರೀ ಚಿನ್ನದ ಬೆಲೆಗಿಳಿಯುತ್ತದೆ, ಒಡವೆಯೂ ಹಾಳು. ಕೊಂಡಿ ಕಿತ್ತು ಅಂಚು ಅರೆದ ರೂಪಾಯಿಗಳೂ ಮಾರಲು ಬರುತ್ತವೆ. 12 ಗಂಟೆಯ ಜಾಗದಲ್ಲಿ ಅಂಚಿನ ಹಲ್ಲು ಸವೆದಿದೆಯೇ ಎಂದು ಮೊದಲು ನೋಡಿ. ಈಸ್ಟ್ ಇಂಡಿಯಾ ಕಂಪನಿಯದೆಂದು ಮಾರುವ, ರಾಮನೋ ಹನುಮಂತನೋ ಇರುವ 'ಕಂಪನಿ ನಾಣ್ಯ'ವಂತೂ ಎಂದೂ ಚಲಾವಣೆಯಲ್ಲಿ ಇದ್ದದ್ದೇ ಅಲ್ಲ, ಅದಕ್ಕೆ ಮಸೂರವೂ ಬೇಕಿಲ್ಲ.

ತೊಳೆಯುವ ವಿಷಯದಲ್ಲಿ ನಮ್ಮ ಅಡುಗೆಮನೆಯೇ ದೊಡ್ಡ ಅಪಾಯ. ಹಿತ್ತಾಳೆ ಬೆಳಗುವ ಹುಣಸೆಹಣ್ಣು, ಅಡುಗೆಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಎರಡೂ ಹುಳಿ. ಬೆಳ್ಳಿಯಲ್ಲಿ ಬೆರೆತ ತಾಮ್ರವನ್ನು ಮೇಲ್ಮೈಯಿಂದ ಎಳೆದು ನಾಣ್ಯವನ್ನು ಸುಣ್ಣ ಬಳಿದಂತೆ ಮಾಡುತ್ತವೆ. ವಿಭೂತಿ, ಟೂತ್‌ಪೇಸ್ಟ್ ಗೀರುತ್ತವೆ. ವಿಕ್ಟೋರಿಯಾಳ ಕೆನ್ನೆಯ ಮೇಲೆ ಎಲ್ಲವೂ ಒಂದೇ ದಿಕ್ಕಿಗೆ ಹೋಗುವ ಕೂದಲಗಲದ ಗೆರೆಗಳು ಕಂಡರೆ ಯಾರೋ ಉಜ್ಜಿದ್ದಾರೆ. ಕೊಳ್ಳುವವನು ಮೊದಲು ನೋಡುವುದೇ ಅದನ್ನು. ಸಮನಾಗಿ ಕೂತ ಬೂದು, ನೀಲಿ, ಕಂದು ಬಣ್ಣ ಕೊಳೆಯಲ್ಲ, ಬಿಟ್ಟುಬಿಡಿ.

ತೆಗೆಯಲೇಬೇಕಾದದ್ದು ಎರಡು. ಮಣ್ಣಿದ್ದರೆ ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಮೂರು ನಾಲ್ಕು ದಿನ, ದಿನಾ ನೀರು ಬದಲಿಸುತ್ತ ನೆನೆಸಿ. ಪಿವಿಸಿ ಅಂಟಿದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ 20 ನಿಮಿಷ ಮುಳುಗಿಸಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ, ಬಣ್ಣ ಸೇರಿರುತ್ತದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರದಿರಲಿ. ಆಮೇಲೆ ಒರೆಸದೆ ಮೆತ್ತನೆಯ ಹತ್ತಿ ಬಟ್ಟೆಯ ನಡುವೆ ಒತ್ತಿ, ಗಂಟೆ ಹೊತ್ತು ಬಿಟ್ಟು ಕ್ಯಾಪ್ಸೂಲಿಗೆ ಹಾಕಿ. ಲಕ್ಷ್ಮೀಪೂಜೆಯ ಹೊಸ ಬೆಳ್ಳಿ ನಾಣ್ಯದ ಕಪ್ಪು ತೆಗೆಯಲು ಮಾತ್ರ ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಒಂದು ದೊಡ್ಡ ಚಮಚ ಅಡುಗೆ ಸೋಡಾ ನಡೆಯುತ್ತದೆ.

ಕಾಫಿ ಗಿಡಕ್ಕೆ ಗುಂಡಿ ತೋಡುವಾಗ ನಾಣ್ಯ ಸಿಕ್ಕಿದರೆ ಅದು ನಿಧಿಯ ಕಾನೂನಿಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಅನುಮತಿಯಿಲ್ಲದೆ ದೇಶದಾಚೆ ಕಳಿಸುವಂತಿಲ್ಲ. ವಿದೇಶದ ಮಗಳಿಗೆ ಅಜ್ಜಿಯ ರೂಪಾಯಿ ಪಾರ್ಸೆಲ್ ಮಾಡುವವರು ಇದನ್ನು ಮರೆಯುತ್ತಾರೆ.

ಮಳೆ ನಡುವೆ ಡಬ್ಬ ತೆರೆಯುವುದಿಲ್ಲ. ಒಮ್ಮೆ ತೆರೆದರೆ ಒಳಗಿನ ಒಣಗಾಳಿಯೆಲ್ಲ ಹೋಗಿ ಹೊರಗಿನ ಒದ್ದೆ ತುಂಬಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಒಳ್ಳೆಯ ಬಿಸಿಲು ಬಿದ್ದ ದಿನ, ತಣ್ಣಗಿನ ಕೋಣೆಯಿಂದ ಡಬ್ಬವನ್ನು ಹೊರತಂದು ಎರಡು ಗಂಟೆ ಮುಚ್ಚಿಯೇ ಇಡುತ್ತೇನೆ. ತಣ್ಣಗಿನ ಲೋಹಕ್ಕೆ ಬೆಚ್ಚಗಿನ ಗಾಳಿ ತಾಗಿದರೆ ಮಂಜು ಕೂರುತ್ತದೆ. ತೆರೆದ ಮೇಲೆ ನೋಡುವುದು ಅಂಚನ್ನು. ಅಲ್ಲಿ ತೆಳು ಹಳದಿ ಉಂಗುರ ಕಂಡರೆ ಗಂಧಕ ಒಳಗೇ ಇದೆ. ಹೆಚ್ಚಿನ ಸಲ ಅದು ಕ್ಯಾಪ್ಸೂಲಿನೊಳಗೆ ಸುತ್ತಿದ ಕಪ್ಪು ಸ್ಪಂಜಿನ ಬಳೆಯಿಂದ ಬಂದಿರುತ್ತದೆ. ಅದನ್ನು ಕಿತ್ತು, ಸರಿಯಾದ ಅಳತೆಯ ಕ್ಯಾಪ್ಸೂಲಿಗೆ ಬದಲಿಸುತ್ತೇನೆ.