ನಾಡಕಚೇರಿಯ ಜೂನ್ ಸಾಲನ್ನು ಶಾಲೆಯಲ್ಲೇ ತಗ್ಗಿಸುವುದು ಹೇಗೆ

ಶಾಲೆ ಶುರುವಾಗುತ್ತಿದ್ದಂತೆ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ಪೋಷಕರು ದಿನದ ಕೂಲಿ ಬಿಟ್ಟು ಹೋಬಳಿಯ ನಾಡಕಚೇರಿಯ ಮುಂದೆ ಸಾಲು ನಿಲ್ಲುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ, ಪ್ರಮಾಣಪತ್ರದ ಗುರುತಿನ ಸಂಖ್ಯೆಯಾದ ಆರ್‌ಡಿ ಸಂಖ್ಯೆ ಎಲ್ಲರಿಗೂ ಒಂದೇ ವಾರದಲ್ಲಿ ಬೇಕಾಗುವುದರಿಂದ, ಕಚೇರಿಯ ಸಿಬ್ಬಂದಿ ಎಷ್ಟೇ ದುಡಿದರೂ ಕೆಲಸ ಮುಗಿಯುವುದಿಲ್ಲ. ಈ ಹೊರೆಯ ದೊಡ್ಡ ಪಾಲನ್ನು ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಸೇರಿ ಹಿಂದಿನ ಡಿಸೆಂಬರಿನಲ್ಲೇ ಇಳಿಸಬಹುದು.

ಮೊದಲು ತರಗತಿವಾರು ಒಂದು ಪಟ್ಟಿ ಮಾಡಿ. ಅದರಲ್ಲಿ ಮಗುವಿನ ಹೆಸರು, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ತಂತ್ರಾಂಶದಲ್ಲಿ ಮಗುವಿಗಿರುವ ಸಂಖ್ಯೆ), ಎರಡೂ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಮತ್ತು ಅವುಗಳ ದಿನಾಂಕ ಇದ್ದರೆ ಸಾಕು. ಆಧಾರ್ ಸಂಖ್ಯೆಯನ್ನು ಈ ಪಟ್ಟಿಯಲ್ಲಿ ಬರೆಯಬೇಡಿ, ಅದರ ಪ್ರತಿಯನ್ನು ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಮಾನ್ಯತೆ ಇರುವುದರಿಂದ, 1ನೇ ತರಗತಿಗೆ ಸೇರುವಾಗ ಮಾಡಿಸಿದ್ದು 6ನೇ ತರಗತಿಯ ಹೊತ್ತಿಗೆ ಮುಗಿಯುತ್ತದೆ; ಅಂದರೆ ಮುಂದಿನ ವರ್ಷ ಯಾರ ಪತ್ರ ನವೀಕರಿಸಬೇಕೆಂಬುದು ಈಗಲೇ ಗೊತ್ತಾಗುವ ಸಂಗತಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಜಾತಿ ಪ್ರಮಾಣಪತ್ರವನ್ನು ಮತ್ತೆ ಮತ್ತೆ ಮಾಡಿಸಬೇಕಿಲ್ಲ. ಈ ಒಂದು ಮಾತನ್ನು ಪೋಷಕರಿಗೆ ಸ್ಪಷ್ಟವಾಗಿ ಹೇಳಿದರೂ ಎಷ್ಟೋ ಓಡಾಟ ತಪ್ಪುತ್ತದೆ.

ಹೆಚ್ಚು ಶ್ರಮ ಬೇಡುವುದು ಹೆಸರಿನ ಹೊಂದಾಣಿಕೆ, ಮತ್ತು ನನ್ನ ಅಭಿಪ್ರಾಯದಲ್ಲಿ ಸಮಯವನ್ನು ಇದಕ್ಕೇ ಮೀಸಲಿಡಬೇಕು. ದಾಖಲಾತಿ ಪುಸ್ತಕದಲ್ಲಿ ‘ಮಂಜುನಾಥ ಎಚ್.’ ಎಂದಿದ್ದು, ಆಧಾರ್‌ನಲ್ಲಿ ಬರೀ ‘ಮಂಜು’ ಎಂದಿದ್ದರೆ, ಪ್ರಮಾಣಪತ್ರದಲ್ಲಿ ತಂದೆಯ ಮನೆಹೆಸರು ಸೇರಿದ್ದರೆ, ಅರ್ಜಿ ಮುಂದೆ ಹೋಗದೆ ನಿಲ್ಲುವ ಸಂಭವವಿದೆ; ಆಗ ಪೋಷಕರು ಶಾಲೆ, ಆಧಾರ್ ಕೇಂದ್ರ, ನಾಡಕಚೇರಿಗಳ ನಡುವೆ ಅಲೆಯಬೇಕಾಗುತ್ತದೆ. ಆದ್ದರಿಂದ ಮೂರೂ ದಾಖಲೆಗಳನ್ನು ತರಿಸಿ, ಪೋಷಕರ ಎದುರಿನಲ್ಲೇ ಅಕ್ಷರ ಅಕ್ಷರ ಓದಿ, ಯಾವುದನ್ನು ತಿದ್ದಬೇಕೆಂದು ಚೀಟಿಯಲ್ಲಿ ಬರೆದುಕೊಡಿ. ಮೊದಲು ಆಧಾರ್ ತಿದ್ದುಪಡಿ, ಆಮೇಲೆ ಪ್ರಮಾಣಪತ್ರ ಎಂಬ ಕ್ರಮ ತಪ್ಪಿದರೆ ಅದೇ ಕೆಲಸವನ್ನು ಎರಡು ಸಲ ಮಾಡಬೇಕಾದೀತು. ಮಗುವಿಗೆ 5 ವರ್ಷ ತುಂಬಿದ ಮೇಲೆ ಮಾಡಿಸಬೇಕಾದ ಬೆರಳಚ್ಚಿನ ನವೀಕರಣ ಬಾಕಿಯಿದೆಯೇ ಎಂದು ಆಗಲೇ ಕೇಳಿಕೊಳ್ಳಿ.

ಜನವರಿಯಲ್ಲಿ ಅರ್ಜಿಗಳನ್ನು ಸಲ್ಲಿಸಲು ಹೇಳಿ. ಸ್ಥಳ ಪರಿಶೀಲನೆ ಮಾಡುವ ಗ್ರಾಮ ಆಡಳಿತಾಧಿಕಾರಿಗೆ ಪಟ್ಟಿಯನ್ನು ಮುಂಚೆಯೇ ತೋರಿಸಿ, ಒಂದು ದಿನ ಶಾಲೆಗೇ ಬರುವಂತೆ ಎಸ್‌ಡಿಎಂಸಿ ಅಧ್ಯಕ್ಷರು ವಿನಂತಿಸಿದರೆ ಬೀದಿ ಬೀದಿ ವಿಚಾರಿಸುವ ಶ್ರಮ ಅವರಿಗೂ ಉಳಿಯುತ್ತದೆ. ಅರ್ಜಿ ಕೊಟ್ಟವರು ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯಲ್ಲಿ ಕೊಡಿಸುವ ‘ಸಕಾಲ’ ಯೋಜನೆಯ ಸ್ವೀಕೃತಿಯನ್ನು ಕೇಳಿ ಪಡೆಯಲೇಬೇಕು. 2011ರ ಸೇವಾ ಖಾತರಿ ಅಧಿನಿಯಮದ ಪ್ರಕಾರ ನಿಗದಿತ ಅವಧಿ ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರವನ್ನೂ ಕೋರಬಹುದು. ಮೊತ್ತ ಚಿಕ್ಕದು, ಆದರೆ ಸ್ವೀಕೃತಿಯ ಸಂಖ್ಯೆ ಕೈಯಲ್ಲಿದ್ದರೆ ಅರ್ಜಿ ಎಲ್ಲಿ ನಿಂತಿದೆ ಎಂದು ಕೇಳುವುದಕ್ಕೆ ಆಧಾರವಿರುತ್ತದೆ.

ಕೊನೆಗೆ ಬ್ಯಾಂಕ್ ಖಾತೆ. ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ; ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ ಕೊನೆಯದಾಗಿ ಜೋಡಣೆಯಾದದ್ದಕ್ಕೆ. ಹಣ ಬಂದಿಲ್ಲವೆಂದು ದೂರುವ ಮೊದಲು ಅದೇ ಖಾತೆಯ ಪಾಸ್‌ಬುಕ್ ನೋಡಿಸಿ.

7ನೇ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವ ಮಕ್ಕಳಿಗೆ ವರ್ಗಾವಣೆ ಪತ್ರದ ಜೊತೆಗೆ ಅವರ ಆರ್‌ಡಿ ಸಂಖ್ಯೆ ಮತ್ತು ಮುಗಿಯುವ ದಿನಾಂಕ ಬರೆದ ಒಂದು ಹಾಳೆಯನ್ನು ಕೊಡಿ. ಪ್ರೌಢಶಾಲೆಯವರು ಅದನ್ನೇ ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲಿ.