ಮಗುವಿಗಿಂತ ಮೊದಲು ಮನೆಯವರ ಜೊತೆ ಕೂರುತ್ತೇನೆ

ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಬಿಹೇವಿಯರ್ ಥೆರಪಿ, ಅಂದರೆ ವರ್ತನಾ ಚಿಕಿತ್ಸೆ, ಅಂದರೆ ಥೆರಪಿಸ್ಟ್ ಮಗುವನ್ನು ಒಳಗೆ ಕರೆದು ಕೂರಿಸಿ ಬುದ್ಧಿ ಹೇಳುವುದು ಅಂತ ಅಂದುಕೊಂಡೇ ಹೆಚ್ಚಿನವರು ನನ್ನ ಹತ್ತಿರ ಬರುತ್ತಾರೆ. ನನ್ನ ಹೊತ್ತೆಲ್ಲ ಹೋಗುವುದು ಅಪ್ಪ ಅಮ್ಮನ ಜೊತೆ. ಈ ಮಕ್ಕಳಿಗೆ ಏನು ಮಾಡಬೇಕು ಅನ್ನುವುದು ಗೊತ್ತಿರುತ್ತದೆ, ಕೇಳಿದರೆ ನಿಯಮಗಳನ್ನೆಲ್ಲ ಪಟಪಟನೆ ಒಪ್ಪಿಸುತ್ತಾರೆ. ಗೊತ್ತಿದ್ದದ್ದನ್ನು ಆ ಕ್ಷಣದಲ್ಲಿ ಮಾಡುವುದೇ ಅವರಿಗೆ ಕಷ್ಟ. ಆ ಕ್ಷಣ ಬರುವುದು ಬೆಳಿಗ್ಗೆ ಶೂ ಹಾಕುವಾಗ, ಸಂಜೆ ಹೋಂವರ್ಕ್‌ಗೆ ಕೂರುವಾಗ. ಅಲ್ಲಿ ಇರುವುದು ಮನೆಯವರು, ನಾನಲ್ಲ.

ಮೊದಲ ವಾರ ಕೊಡುವ ಕೆಲಸ ನೋಡಲು ತುಂಬ ಸಣ್ಣದು. ದಿನಾ ಹತ್ತು ಹದಿನೈದು ನಿಮಿಷ ಮಗುವಿನ ಜೊತೆ ಅದಕ್ಕಿಷ್ಟವಾದ ಆಟ. ಆಟ ಮಗುವಿನದು, ದೊಡ್ಡವರು ಹೇಳಿಕೊಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ತಿದ್ದುವಂತಿಲ್ಲ. 1960ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಕಾನ್‌ಸ್ಟನ್ಸ್ ಹ್ಯಾನ್ಫ್ ಹೆತ್ತವರಿಗೆ ಕಲಿಸುವ ಈ ತರಬೇತಿಯನ್ನು ಎರಡು ಹಂತಗಳಲ್ಲಿ ರೂಪಿಸಿದರು: ಮೊದಲು ಸಂಬಂಧ, ಆಮೇಲೆ ಶಿಸ್ತು. ಇವತ್ತಿನ ಎಷ್ಟೋ ಪೋಷಕರ ತರಬೇತಿಗಳು ಅದೇ ಬುಡದಿಂದ ಬಂದವು. ಈ ಕ್ರಮವನ್ನು ತಿರುಗಿಸಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಬೆಳಗಿನಿಂದ ರಾತ್ರಿಯವರೆಗೆ ಬೈಗುಳವನ್ನೇ ಕೇಳಿದ ಮಗುವಿಗೆ ನೇರ ಟೈಮ್ ಔಟ್ (ತಪ್ಪಿಗೆ ಸ್ವಲ್ಪ ಹೊತ್ತು ಒಂದು ಕಡೆ ಸುಮ್ಮನೆ ಕೂರಿಸುವುದು) ಕೊಟ್ಟರೆ ಅದು ಇನ್ನೊಂದು ಬೈಗುಳ ಅಷ್ಟೇ.

ಆಮೇಲೆ ಒಂದೇ ಒಂದು ಜಗಳವನ್ನು ಆರಿಸಿ, ನಿಮಿಷ ನಿಮಿಷವಾಗಿ ಬಿಡಿಸಿ ಹೇಳಿ ಅನ್ನುತ್ತೇನೆ. ಎಂಟು ವರ್ಷದ ಹುಡುಗನೊಬ್ಬನ ತಾಯಿ ಹೇಳಿದ್ದು ಹೀಗೆ. ಅವರು ಇನ್ನೊಂದು ಕೋಣೆಯಿಂದಲೇ ಕೂಗುತ್ತಾರೆ: "ಟಿವಿ ಆಫ್ ಮಾಡು, ಪುಸ್ತಕ ತೆಗಿ, ಪೆನ್ಸಿಲ್ ಮೆಂಡ್ ಮಾಡ್ಕೋ, ನಿನ್ನೆದು ಮುಗಿಸಿದ್ಯಾ?" ಒಂದೇ ಉಸಿರಿಗೆ ನಾಲ್ಕು ಮಾತು. ಹುಡುಗ ಅಲ್ಲಾಡುವುದಿಲ್ಲ. ಮತ್ತೆ ಮತ್ತೆ ಕೂಗಿ, ಕೊನೆಗೆ ಅಪ್ಪ ಗದರಿದಾಗ ಏಳುತ್ತಾನೆ. ಅಂದರೆ ಗದರುವವರೆಗೆ ಏಳಬೇಕಾಗಿಲ್ಲ ಅನ್ನುವುದನ್ನು ಅವನು ಕಲಿತಾಗಿದೆ, ಅಷ್ಟು ಹೊತ್ತು ಟಿವಿಯೂ ಸಿಕ್ಕಿದೆ.

ಅಲ್ಲಿಂದಲೇ ಶುರು ಮಾಡಿದೆವು. ಹತ್ತಿರ ಹೋಗಿ, ಅವನು ಮುಖ ನೋಡುವವರೆಗೆ ಕಾದು, ಒಂದೇ ಮಾತು ಹೇಳಿ. "ಆಫ್ ಮಾಡ್ತೀಯಾ?" ಬೇಡ, "ಟಿವಿ ಆಫ್ ಮಾಡು" ಸಾಕು. ಹೇಳಿ ಸುಮ್ಮನಾಗಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಸುಮ್ಮನಿರುವುದೇ ದೊಡ್ಡವರಿಗೆ ಅತಿ ಕಷ್ಟದ ಪಾಠ. ಮಾಡಿದ ಕೂಡಲೇ, ಮಾಡಿದ್ದೇನು ಅನ್ನುವುದನ್ನು ಹೆಸರಿಟ್ಟು ಹೇಳಿ: "ಹೇಳಿದ ತಕ್ಷಣ ಆಫ್ ಮಾಡಿದೆ, ಖುಷಿಯಾಯ್ತು." ಬರೀ "ಗುಡ್ ಬಾಯ್" ಅಂದರೆ ಯಾವುದಕ್ಕೆ ಅಂತ ಅವನಿಗೆ ತಿಳಿಯುವುದಿಲ್ಲ. "ದಿನಾ ಹೀಗೇ ಮಾಡೋಕೆ ಏನಾಗಿತ್ತು?" ಅನ್ನುವ ಬಾಲ ಸೇರಿಸಿದರಂತೂ ಹೊಗಳಿಕೆ ಅಲ್ಲೇ ಬೈಗುಳವಾಗುತ್ತದೆ.

ಬಹುಮಾನದ ವಿಷಯಕ್ಕೆ ಬಂದರೆ, ಆ ಮನೆಯಲ್ಲಿ ವಾರ್ಷಿಕ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ಬಂದರೆ ಸೈಕಲ್ ಅಂತ ಮಾತಾಗಿತ್ತು. ಈ ಮಕ್ಕಳಿಗೆ ತಿಂಗಳುಗಳಾಚೆಯ ಸೈಕಲ್ ಇದ್ದೂ ಇಲ್ಲದ ಹಾಗೆ. ನಾವು ಹೋಂವರ್ಕನ್ನು ತುಂಡು ಮಾಡಿದೆವು. ಮೂರು ಲೆಕ್ಕ ಮುಗಿದರೆ ಡಬ್ಬಿಗೆ ಒಂದು ಬಿಲ್ಲೆ, ಅಲ್ಲೇ, ಆಗಲೇ. ಬಿಲ್ಲೆಗಳ ಲೆಕ್ಕ ಅದೇ ಸಂಜೆ ಚುಕ್ತಾ: ಅಪ್ಪನ ಜೊತೆ ಹೆಚ್ಚು ಹೊತ್ತು ಆಟ, ಇಲ್ಲವೇ ಮಲಗುವಾಗಿನ ಕಥೆಯನ್ನು ತಾನೇ ಆರಿಸುವುದು. ಮೊದಲ ದಿನಗಳಲ್ಲಿ ಮಗು ಗೆಲ್ಲಲೇಬೇಕು, ಅಷ್ಟು ಸುಲಭವಿರಲಿ. ತಪ್ಪು ಮಾಡಿದ್ದಕ್ಕೆ ಕೊಟ್ಟ ಬಿಲ್ಲೆ ಕಿತ್ತುಕೊಳ್ಳಲು ಆರಂಭದಲ್ಲಿ ನಾನು ಒಪ್ಪುವುದಿಲ್ಲ, ಡಬ್ಬಿ ಖಾಲಿಯಾದ ಮಗು ಆಟವನ್ನೇ ಬಿಟ್ಟುಬಿಡುತ್ತದೆ.

"ಸ್ಟಾರ್ ಚಾರ್ಟ್ ಎಲ್ಲಾ ಮಾಡಿ ನೋಡಾಯ್ತು ಮೇಡಂ" ಅನ್ನುವವರಿಗೆ ಆ ಚಾರ್ಟ್ ತನ್ನಿ ಅನ್ನುತ್ತೇನೆ. ಬಹಳಷ್ಟು ಸಲ ಅದರಲ್ಲಿ "ಒಳ್ಳೆಯವನಾಗಿರುವುದು" ಅಂತ ಬರೆದಿರುತ್ತದೆ, ಬಹುಮಾನ ಮೊದಲಿನಿಂದ ಕೊನೆಯವರೆಗೆ ಒಂದೇ. ಹೊಸತನ ಈ ಮಕ್ಕಳಿಗೆ ಬೇಗ ಸವೆಯುತ್ತದೆ, ಬಹುಮಾನದ ಪಟ್ಟಿ ಆಗಾಗ ಬದಲಾಗಬೇಕು.

ಇನ್ನೊಂದು ಎಚ್ಚರಿಕೆಯನ್ನು ಮೊದಲೇ ಕೊಡುತ್ತೇನೆ. ರಚ್ಚೆಗೆ ಗಮನ ಕೊಡುವುದನ್ನು ನಿಲ್ಲಿಸಿದರೆ ಅದು ಕಡಿಮೆಯಾಗುವ ಮೊದಲು ಜೋರಾಗಬಹುದು. ಆ ಜೋರಿಗೆ ಮಣಿದರೆ, ಮುಂದಿನ ಸಲ ಅಷ್ಟು ಜೋರಾಗಿಯೇ ಅಳಬೇಕು ಅಂತ ಮಗು ಕಲಿಯುತ್ತದೆ. ಹೊಡೆಯುವುದು, ರಸ್ತೆಗೆ ಓಡುವುದು ಇಂಥವನ್ನು ಮಾತ್ರ ಕಂಡೂ ಕಾಣದಂತೆ ಇರಲಾಗದು.

ಎಡಿಎಚ್‌ಡಿ ಬಹಳಷ್ಟು ಸಲ ವಂಶಪಾರಂಪರ್ಯವಾಗಿ ಬರುತ್ತದೆ. ಚಾರ್ಟ್ ತುಂಬಲು ದಿನಾ ಮರೆಯುವ ಅಪ್ಪನಿಗೋ ಅಮ್ಮನಿಗೋ ಅದೇ ತೊಂದರೆ ಇರಬಹುದು. ಅವರನ್ನು ಸೋಮಾರಿ ಅನ್ನುವ ಮಾತು ನನ್ನ ಕೋಣೆಯಲ್ಲಿ ಬರಕೂಡದು. ಅಂಥವರಿಗೆ ಒಂದೇ ನಿಯಮ, ಫೋನಿನಲ್ಲಿ ಒಂದು ಅಲಾರಂ.

ಮಾತ್ರೆ ಬೇಕೇ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದರ ತೀರ್ಮಾನ ವೈದ್ಯರದು, ಆದರೆ ತಿಳಿದಿದ್ದನ್ನು ಮುಚ್ಚಿಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ, ನಾಲ್ಕೈದು ವರ್ಷದ ಮಕ್ಕಳಿಗೆ ಮೊದಲು ಪೋಷಕರ ತರಬೇತಿ, ಆರು ದಾಟಿದವರಿಗೆ ಔಷಧಿ ಮತ್ತು ವರ್ತನಾ ಚಿಕಿತ್ಸೆ ಜೊತೆಜೊತೆಗೆ ಅನ್ನುತ್ತದೆ. 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟವಾದ, ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿದ ಎಂಟಿಎ ಎಂಬ ಅಧ್ಯಯನದಲ್ಲಿ ಗಮನದ ಕೊರತೆಗೆ ಬರೀ ವರ್ತನಾ ಚಿಕಿತ್ಸೆಗಿಂತ ಎಚ್ಚರದಿಂದ ಕೊಟ್ಟ ಔಷಧಿಯೇ ಹೆಚ್ಚು ಫಲ ಕೊಟ್ಟಿತು. ಎರಡೂ ಸಿಕ್ಕ ಮಕ್ಕಳಿಗೆ ಕಡಿಮೆ ಪ್ರಮಾಣದ ಔಷಧಿ ಸಾಕಾಯಿತು. ನಾನು ಕಲಿಸುವುದರಿಂದ ಮುಖ್ಯವಾಗಿ ತಗ್ಗುವುದು ಮನೆಯ ಜಗಳ, ಹಟ, ಹೆತ್ತವರ ಸುಸ್ತು.

ಬಿಲ್ಲೆಗಳನ್ನು ನಿಧಾನಕ್ಕೆ ಕಡಿಮೆ ಮಾಡುತ್ತಾ ಬರುತ್ತೇವೆ. ರಜೆ ಮುಗಿದು ಶಾಲೆ ತೆರೆದ ವಾರ ಹಳೆಯ ಜಗಳಗಳು ಮರಳುವುದು ಸಾಮಾನ್ಯ. ಆಗ ಡಬ್ಬಿಯನ್ನು ಮತ್ತೆ ಕೆಳಗಿಳಿಸಿ, ಮೂರು ಲೆಕ್ಕಕ್ಕೊಂದು ಬಿಲ್ಲೆಯಿಂದಲೇ ಶುರು ಮಾಡಲು ಹೇಳುತ್ತೇನೆ. ಎರಡನೇ ಸಲ ಬೇಗ ಹಳಿಗೆ ಬರುತ್ತದೆ, ಏಕೆಂದರೆ ಮನೆಯವರಿಗೆ ಈಗ ದಾರಿ ಗೊತ್ತಿರುತ್ತದೆ.