14–0 ದೊಡ್ಡದೋ, 19–6 ದೊಡ್ಡದೋ? ಫೈಟರ್ ದಾಖಲೆ ಓದುವುದು ಹೀಗೆ

ಭಾನುವಾರ ಬೆಳಗ್ಗೆ ಹಾಸನದ ಹೋಟೆಲಿನಲ್ಲಿ ಇಡ್ಲಿ ಬರುವಷ್ಟರಲ್ಲಿ, ಅಮೆರಿಕದ ಶನಿವಾರ ರಾತ್ರಿಯ ಫೈಟ್ ಪಕ್ಕದ ಟೇಬಲ್ಲಿನ ಹುಡುಗರ ಮೊಬೈಲಿನಲ್ಲಿ ಓಡುತ್ತಿರುತ್ತದೆ. ಪರದೆಯ ಕೆಳಗೆ ಎರಡು ಹೆಸರು, ಎರಡು ದಾಖಲೆ. ಒಬ್ಬನದು 14–0, ಇನ್ನೊಬ್ಬನದು 19–6. 'ಆರು ಸಲ ಸೋತವನು ಇವನ ಮುಂದೆ ನಿಲ್ತಾನೇನೋ, ಬಿಡೋ' ಅಂತ ಒಬ್ಬ ತೀರ್ಪು ಕೊಟ್ಟೇ ಬಿಡುತ್ತಾನೆ. ಅಷ್ಟು ಅವಸರ ಬೇಡ. ಆ ಅಂಕಿ ಎಷ್ಟೋ ಸಲ ಆಟಗಾರನ ಕೈಬಲಕ್ಕಿಂತ, ಅವನಿಗೆ ಜೋಡಿ ಕಟ್ಟಿದವರ ಲೆಕ್ಕಾಚಾರವನ್ನೇ ಜಾಸ್ತಿ ಹೇಳುತ್ತದೆ. ಬಿಡಿಸಿ ಓದುವುದು ಕಷ್ಟವೇನಲ್ಲ. ಒಂದು ನೋಟ್‌ಬುಕ್, ಪೆನ್ನು, ಸ್ವಲ್ಪ ಬಿಡುವು ಇದ್ದರೆ ಸಾಕು.

1. ಅಂಕಿಯೊಳಗೆ ಏನಿದೆ, ಏನಿಲ್ಲ

ಬಾಕ್ಸಿಂಗ್ ದಾಖಲೆಯಲ್ಲಿ ಮೊದಲ ಅಂಕಿ ಗೆಲುವು, ಎರಡನೆಯದು ಸೋಲು, ಮೂರನೆಯದು ಇದ್ದರೆ ಡ್ರಾ. ಗೆಲುವಿನಲ್ಲಿ ನಾಕೌಟ್ ಎಷ್ಟು ಅಂತ ಪಕ್ಕದಲ್ಲಿ ಬೇರೆ ಇರುತ್ತದೆ. ಮಹಮ್ಮದ್ ಅಲಿ ಅವರದು 56–5, ಅದರಲ್ಲಿ 37 ನಾಕೌಟ್.

ಇದು ವೃತ್ತಿಪರ ಪಂದ್ಯಗಳ ಲೆಕ್ಕ ಮಾತ್ರ. ಒಲಿಂಪಿಕ್ಸ್ ಥರದ ಅಮೆಚೂರ್ ಪಂದ್ಯಗಳು ಇದರೊಳಗೆ ಬರುವುದಿಲ್ಲ. ಉಕ್ರೇನಿನ ವಾಸಿಲ್ ಲೊಮಚೆಂಕೊ 2014ರ ಮಾರ್ಚ್‌ನಲ್ಲಿ ತಮ್ಮ ಎರಡನೇ ವೃತ್ತಿಪರ ಪಂದ್ಯ ಸೋತರು. ದಾಖಲೆ 1–1. ಕಾಗದದ ಮೇಲೆ ಯಾರೋ ಹೊಸಬ, ಅಷ್ಟೇ. ಬೆನ್ನ ಹಿಂದೆ ಎರಡು ಒಲಿಂಪಿಕ್ ಚಿನ್ನ ಇದ್ದವು, ಅಮೆಚೂರಿನಲ್ಲಿ 396 ಗೆಲುವು, ಒಂದೇ ಸೋಲು. ಮೂರನೇ ಪಂದ್ಯಕ್ಕೇ ವಿಶ್ವ ಚಾಂಪಿಯನ್ ಆದರು. ಅವರನ್ನು ಸೋಲಿಸಿದ ಒರ್ಲಾಂಡೊ ಸಲಿಡೊ ಅದಾಗಲೇ 12 ಸೋಲು ಉಂಡವರು. ಮೇಲಾಗಿ ಆ ಪಂದ್ಯಕ್ಕೆ ತೂಕದ ಮಿತಿಯನ್ನೂ ಮೀರಿದ್ದರು.

2. ಎದುರಾಳಿ ಯಾರು?

ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಅಮೆಚೂರ್ ಟೂರ್ನಿಯಲ್ಲಿ ಚೀಟಿ ಎತ್ತಿದಂತೆ ಎದುರಾಳಿ ಬರುತ್ತಾನೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪಂದ್ಯ ಏರ್ಪಡಿಸುವ ಪ್ರವರ್ತಕರು ಆರಿಸಿ ತರುತ್ತಾರೆ. ಟಿಕೆಟ್ ಮಾರುವ ಹುಡುಗ ಸಿಕ್ಕಿದ ಅಂದುಕೊಳ್ಳಿ. ಮೊದಲ ಎಂಟು-ಹತ್ತು ಪಂದ್ಯಕ್ಕೆ ಅವನಿಗೆ ತೊಂದರೆ ಕೊಡದ ಎದುರಾಳಿಗಳನ್ನೇ ಹುಡುಕುತ್ತಾರೆ. ಹಾಗೆ ಹುಟ್ಟಿದ 10–0ಕ್ಕೆ ಪೋಸ್ಟರಿನಲ್ಲಿ ಬೆಲೆ ಇದೆ, ರಿಂಗಿನಲ್ಲಿ ಕಮ್ಮಿ.

ಆ ಎದುರಾಳಿಗಳ ದಾಖಲೆಯನ್ನೂ ನೋಡಬೇಕು. ಬ್ರಿಟನ್ನಿನ ಪೀಟರ್ ಬಕ್ಲಿ 300 ಪಂದ್ಯ ಆಡಿದರು. ಗೆದ್ದದ್ದು 32, ಸೋತದ್ದು 256, ಡ್ರಾ 12. ಬೇರೆಯವರ ಊರಿಗೆ ಹೋಗಿ, ಬೇರೆಯವರ ಹುಡುಗನ ಜೊತೆ ಆಡಿ ಬರುವುದೇ ಅವರ ಕಸುಬು. ಮುಂದೆ ವಿಶ್ವ ಚಾಂಪಿಯನ್ ಆದ ನಸೀಮ್ ಹಮೀದ್ ಕೂಡ ಬೆಳೆಯುವ ದಿನಗಳಲ್ಲಿ ಬಕ್ಲಿ ಜೊತೆ ಆಡಿದ್ದರು. ನಿಜವಾಗಿ ಆಡಲು ಬಾರದವನಾಗಿದ್ದರೆ 300 ಪಂದ್ಯ ಆಡೋಕೆ ಯಾವ ಡಾಕ್ಟರೂ ಬಿಡುತ್ತಿರಲಿಲ್ಲ, ಅಲ್ವಾ?

ನಮ್ಮ ಕಡೆ ಜಾತ್ರೆ ಕುಸ್ತಿಗೆ ಜೋಡಿ ಕಟ್ಟುವ ಹಿರಿಯರಿಗೆ ಇದೆಲ್ಲ ಹೊಸದಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತಾರೆ. ಭುಜ ಮುಟ್ಟಿ ನೋಡುತ್ತಾರೆ. ಯಾವ ಗರಡಿ, ಉಸ್ತಾದ್ ಯಾರು, ಹೋದ ವರ್ಷ ಯಾರ ಜೊತೆ ಹಿಡಿದಿದ್ದೆ ಅಂತ ಕೇಳುತ್ತಾರೆ. ಎಷ್ಟು ಗೆದ್ದಿದ್ದೀಯ ಅನ್ನುವುದು ಕೊನೇ ಪ್ರಶ್ನೆ, ಕೆಲವು ಸಲ ಅದೂ ಇಲ್ಲ. ಇನ್ನು ಬೇಲೂರು ಗುಡಿಯ ಮುಂದೆ ನಿಂತಿರುವ ಸಳನ ದಾಖಲೆ ಬರೀ 1–0. ಕತೆಯ ಪ್ರಕಾರ ಎದುರಾಳಿ ಹುಲಿ. ಪಂದ್ಯ ಕಮ್ಮಿಯಾಯಿತು ಅಂತ ಯಾರೂ ತಕರಾರು ತೆಗೆದಿಲ್ಲ.

ಹಾಗಾಗಿ ಕೊನೆಯ ಐದು ಎದುರಾಳಿಗಳ ಹೆಸರು ಬರೆಯಿರಿ. ಪ್ರತಿಯೊಬ್ಬರ ಪಕ್ಕದಲ್ಲಿ ಪಂದ್ಯದ ದಿನ ಇದ್ದ ದಾಖಲೆ ಹಾಕಿ, ಇವತ್ತಿನದಲ್ಲ. ಫ್ಲಾಯ್ಡ್ ಮೇವೆದರ್ ಅವರ 50–0 ತೆಗೆದುಕೊಳ್ಳಿ. ಐವತ್ತನೇ ಗೆಲುವು 2017ರಲ್ಲಿ ಕಾನರ್ ಮೆಕ್‌ಗ್ರೆಗರ್ ಮೇಲೆ. ಮೆಕ್‌ಗ್ರೆಗರ್‌ಗೆ ಅದು ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ, ಅಂದರೆ 0–0. ಅದನ್ನು ಹೊಡೆದುಹಾಕಿ. ಆದರೂ ಡಿ ಲಾ ಹೋಯಾ, ಕನೆಲೊ, ಪ್ಯಾಕಿಯಾವೊ ಥರದ ವಿಶ್ವ ಚಾಂಪಿಯನ್‌ಗಳು ಉಳಿಯುತ್ತಾರೆ. ಜರಡಿ ಹಿಡಿದ ಮೇಲೂ ನಿಲ್ಲುವ ದಾಖಲೆ ಅದು.

3. ಪ್ರತಿ ಸೋಲನ್ನೂ ಬಿಚ್ಚಿ ನೋಡಿ

ಯಾವಾಗ, ಹೇಗೆ, ಎಷ್ಟನೇ ವಯಸ್ಸಿನಲ್ಲಿ? ಅಲಿ ಅವರ ಐದು ಸೋಲುಗಳಲ್ಲಿ ಮೂರು ಕೊನೆಯ ನಾಲ್ಕು ಪಂದ್ಯಗಳಲ್ಲೇ ಬಂದವು, 36 ತುಂಬಿದ ಮೇಲೆ. ಎಂಎಂಎ (ಹೊಡೆತ, ಕುಸ್ತಿ ಎರಡೂ ಸೇರಿದ ಕಾಳಗ) ಆಟಗಾರ ಜಾನ್ ಜೋನ್ಸ್ ದಾಖಲೆಯ ಏಕೈಕ ಸೋಲು 2009ರ ಅನರ್ಹತೆ. ಪಂದ್ಯ ಅವರ ಕೈಯಲ್ಲೇ ಇತ್ತು. ಮೇಲಿನಿಂದ ನೇರ ಕೆಳಕ್ಕೆ ಮೊಣಕೈ ಹೊಡೆತ ಹಾಕಿದ್ದು ನಿಯಮಕ್ಕೆ ವಿರುದ್ಧವಾಯಿತು. ಆ ನಿಷೇಧವನ್ನು 2024ರಲ್ಲಿ ತೆಗೆದರು, ಸೋಲು ಮಾತ್ರ ಹಾಗೇ ಕೂತಿದೆ.

ನಮಗೆಲ್ಲ ಚೆನ್ನಾಗಿ ಗೊತ್ತಿರುವುದು 2024ರ ಪ್ಯಾರಿಸ್. ವಿನೇಶ್ ಫೋಗಟ್ ಮೊದಲ ಸುತ್ತಿನಲ್ಲೇ ಜಪಾನಿನ ಯುಯಿ ಸುಸಾಕಿಯನ್ನು 3–2ರಿಂದ ಸೋಲಿಸಿದರು. ಸುಸಾಕಿ ಟೋಕಿಯೊ ಚಿನ್ನದ ಹುಡುಗಿ, ಅಲ್ಲಿಯವರೆಗೆ ಹೊರದೇಶದ ಯಾರಿಗೂ ಸೋತಿರಲಿಲ್ಲ. ಅದೇ ದಿನ ಇನ್ನೂ ಎರಡು ಗೆದ್ದು ವಿನೇಶ್ ಫೈನಲ್ ತಲುಪಿದರು. ಮರುದಿನ ಬೆಳಗ್ಗೆ 50 ಕೆ.ಜಿ. ಮೇಲೆ 100 ಗ್ರಾಂ ಜಾಸ್ತಿ ಬಂತು. ಅಧಿಕೃತ ಪಟ್ಟಿಯಲ್ಲಿ ಸುಸಾಕಿಗೆ ಕಂಚು, ವಿನೇಶ್‌ಗೆ ಕೊನೇ ಸ್ಥಾನ. ಕುಸ್ತಿ ನೋಡಿದವರಿಗೂ ಪಟ್ಟಿ ಓದಿದವರಿಗೂ ಬೇರೆ ಬೇರೆ ವಿನೇಶ್ ಕಾಣುತ್ತಾರೆ.

ಹಾಗಂತ ಮೆಚ್ಚಿನವನ ಪ್ರತಿ ಸೋಲಿಗೂ ನೆಪ ಹುಡುಕುತ್ತಾ ಕೂತರೆ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಕತೆಯಾಗುತ್ತದೆ. ಸೋಲಿಗೆ ರಿಯಾಯಿತಿ ಕೊಟ್ಟರೆ ಅದೇ ಅಳತೆಯಲ್ಲಿ ಗೆಲುವನ್ನೂ ಕತ್ತರಿಸಬೇಕು. ಎದುರಾಳಿಯ ಕೈ ನೋವಾಗಿ ಬಂದ ಗೆಲುವು, ತೀರ್ಪುಗಾರರ ಕೃಪೆಯಿಂದ ಬಂದ ಗೆಲುವು, ಎಲ್ಲ.

4. ತೀರ್ಪುಗಾರರ ಚೀಟಿ

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೂವರು ತೀರ್ಪುಗಾರರು. ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. 12 ರೌಂಡಿಗೆ 115–113 ಬಂತು ಅಂದರೆ ಏಳು ರೌಂಡು ಇವನದು, ಐದು ಅವನದು. ಒಂದೇ ಒಂದು ರೌಂಡು ಆಚೆ ಹೋಗಿದ್ದರೆ 114–114. ದಾಖಲೆಯಲ್ಲಿ ಮಾತ್ರ ಪೂರಾ ಒಂದು ಗೆಲುವು, ಪೂರಾ ಒಂದು ಸೋಲು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ರಾಯ್ ಜೋನ್ಸ್ ಜೂನಿಯರ್ 3–2 ತೀರ್ಪಿನಿಂದ ಸೋತರು. ಆ ಕೂಟದ ಶ್ರೇಷ್ಠ ಬಾಕ್ಸರ್ ಪ್ರಶಸ್ತಿಯನ್ನು ಕೊಟ್ಟದ್ದೂ ಅವರಿಗೇ!

5. ಪಂದ್ಯಗಳ ಸಂಖ್ಯೆ ಸಾಲುತ್ತದಾ?

ಸ್ವಲ್ಪ ಗಣಿತ. ಒಂದೇ ಮಟ್ಟದ 32 ಹುಡುಗರಿದ್ದಾರೆ, ಒಬ್ಬೊಬ್ಬರೂ ಐದೈದು ಪಂದ್ಯ ಆಡುತ್ತಾರೆ ಅಂದುಕೊಳ್ಳಿ. ಯಾರೂ ಯಾರಿಗಿಂತ ಮೇಲಲ್ಲ. ಆದರೂ ಸರಾಸರಿ ಒಬ್ಬ 5–0 ಆಗಿ ಹೊರಬರುತ್ತಾನೆ, ಸುಮ್ನೆ ಅದೃಷ್ಟದಿಂದ. ಫ್ಲೆಕ್ಸ್ ಹಾಕುವುದು ಅವನಿಗೇ. ಉಲ್ಟಾ ನೋಡಿ: ಪ್ರತಿ ಪಂದ್ಯವನ್ನೂ ಶೇ 80ರಷ್ಟು ಗೆಲ್ಲುವ ತಾಕತ್ತಿರುವವನು ಹತ್ತಕ್ಕೆ ಹತ್ತೂ ಗೆಲ್ಲುವ ಸಾಧ್ಯತೆ ಶೇ 11 ಕೂಡ ಇಲ್ಲ. ಒಳ್ಳೆಯವರ ಜೊತೆ ಆಡುವ ಒಳ್ಳೆಯವನು ಸೋಲುವುದು ಸಹಜ.

6. ಶೈಲಿಯ ತಕರಾರು

1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದರು, 1973ರಲ್ಲಿ ಕೆನ್ ನಾರ್ಟನ್ ಸೋಲಿಸಿದರು. ಆ ಇಬ್ಬರನ್ನೂ ಜಾರ್ಜ್ ಫೋರ್‌ಮನ್ ಎರಡೆರಡೇ ರೌಂಡಿನಲ್ಲಿ ಮುಗಿಸಿದರು. ಈ ಲೆಕ್ಕದಲ್ಲಿ ಫೋರ್‌ಮನ್ ಮುಂದೆ ಅಲಿ ನಿಲ್ಲಲೇಬಾರದಿತ್ತು. 1974ರ ಅಕ್ಟೋಬರ್‌ನಲ್ಲಿ ಕಿನ್ಶಾಸಾದಲ್ಲಿ ಎಂಟನೇ ರೌಂಡಿಗೆ ಮಲಗಿದ್ದು ಫೋರ್‌ಮನ್. ಅದಕ್ಕೇ ಹಳೆಯ ಎದುರಾಳಿಗಳಲ್ಲಿ ಮುಂದಿನ ಎದುರಾಳಿಯ ಥರದವರು ಯಾರಿದ್ದರು ಅಂತ ಹುಡುಕಿ. ಎಡಗೈಯವನ ಜೊತೆ ಆಡಿದ್ದಾನಾ? ನೆಲಕ್ಕೆ ಕೆಡವುವ ಕುಸ್ತಿಪಟುವಿನ ಜೊತೆ?

7. ನಿಮ್ಮ ಜಿಮ್ಮಿಗೆ ಒಂದು ಪುಸ್ತಕ

ಮಕ್ಕಳಿಗೆ ಕಲಿಸುವ ಕೋಚ್‌ಗಳು ಗೆಲುವು-ಸೋಲಿನ ಬದಲು ಚೆಸ್‌ನ ಈಲೊ ರೇಟಿಂಗ್ ಥರದ, ಎದುರಾಳಿಯ ಬಲ ನೋಡಿ ಅಂಕ ಕೊಡುವ ಲೆಕ್ಕ ಇಡಬಹುದು. ಎಲ್ಲರಿಗೂ 1000 ಅಂಕದಿಂದ ಶುರು ಮಾಡಿ. ಸಮಸಮ ಇರುವವರು ಆಡಿದರೆ ಗೆದ್ದವನಿಗೆ 10 ಕೂಡಿ, ಸೋತವನಿಗೆ 10 ಕಳೆಯಿರಿ. 200 ಅಂಕದ ಅಂತರ ಇದ್ದಾಗ ಮೇಲಿನವನು ಗೆದ್ದರೆ ಅವನಿಗೆ ಬರುವುದು 5 ಮಾತ್ರ, ಸೋತರೆ ಹೋಗುವುದು 15. ಡ್ರಾ ಆದರೆ ಕೆಳಗಿನವನಿಗೆ 5 ಸಿಗುತ್ತದೆ, ಮೇಲಿನವನಿಗೆ 5 ಹೋಗುತ್ತದೆ. ದುರ್ಬಲರನ್ನೇ ಹುಡುಕಿ ಹೊಡೆಯುವವನ ಅಂಕ ಇಲ್ಲಿ ಆಮೆಯ ಹಾಗೆ ತೆವಳುತ್ತದೆ. ಪ್ರತಿ ಸಾಲಿನಲ್ಲೂ ಅವತ್ತಿನ ತೂಕ ಬರೆಯಿರಿ. 48 ಕೆ.ಜಿ.ಯಲ್ಲಿ ಗಳಿಸಿದ ಅಂಕವನ್ನು 57ಕ್ಕೆ ಹಾಗೇ ಒಯ್ಯಬೇಡಿ. ತೂಕದ ವಿಭಾಗ ಬದಲಾದರೆ ಹೊಸ ಪುಟ, ಮತ್ತೆ 1000ದಿಂದ.